ಬಾವಿಗೆ ಬರೆದ ಷರಾ

ದೇವದುರ್ಗದ ರಸ್ತೆಯಲ್ಲಿ ಮಸರಕಲ್ ದಾಟಿದ ಮೇಲೆ ಎಡಕ್ಕೆ ಮೊದಲು ಒಂದು ಪೆಟ್ರೋಲ್ ಬಂಕ್ ಇತ್ತು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶರಣಯ್ಯನವರದು. ಇಪ್ಪತ್ತೆರಡು ವರ್ಷ ನಡೆದು ಮುಚ್ಚಿತು. ಮುಚ್ಚಿದ ಮೇಲೆ ನೆಲದಡಿಯ ಮೂರು ಟ್ಯಾಂಕುಗಳನ್ನು ಕ್ರೇನ್ ತರಿಸಿ ಎತ್ತಿಸಿದರು. ನಡುವಿನದರ ತಳ ಜರಡಿಯಾಗಿತ್ತೆಂದು ಅಂದು ರಸ್ತೆಯಲ್ಲಿ ನಿಂತು ನೋಡಿದವರು ಇಂದಿಗೂ ಹೇಳುತ್ತಾರೆ. ಶರಣಯ್ಯನವರು ಗುಂಡಿಗೆ ಗರಸು ಮಣ್ಣು ತುಂಬಿಸಿ, ರೋಲರ್ ಆಡಿಸಿ, ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸುವ ಮಾತಾಡುತ್ತಿದ್ದರು.

ರಸ್ತೆಯ ಬಲಕ್ಕೆ ಇಳಿಜಾರಿನಲ್ಲಿ ಬೂದೆಪ್ಪನ ದೊಡ್ಡಿ. ಹನ್ನೊಂದು ಮನೆ, ಮನೆಗೊಂದು ಕುರಿಹಟ್ಟಿ, ಎಲ್ಲರಿಗೂ ಸೇರಿ ಒಂದು ಬಾವಿ. ಬಾವಿ ತೋಡಿಸಿದ ಬೂದೆಪ್ಪ ಸತ್ತು ಬಹಳ ವರ್ಷವಾಯಿತು. ಈಗ ಅದು ಅವನ ಸೊಸೆ ಬಂಡೆಮ್ಮನ ಹೆಸರಿನಲ್ಲಿದೆ. ಮೂರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಕುರಿಗಳು ಬಾವಿಯ ಪಕ್ಕದ ಕಲ್ಲುದೋಣಿಯ ನೀರಿಗೆ ಬಾಯಿ ಹಚ್ಚದೆ ತಲೆ ತಿರುವಿದವು. ಮನುಷ್ಯರಿಗೆ ವಾಸನೆ ಗೊತ್ತಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಸುತ್ತಲಿನ ಊರವರು ಅದನ್ನು ಸೀಮೆಎಣ್ಣೆ ದೊಡ್ಡಿ ಎಂದು ಕರೆಯತೊಡಗಿದರು. ಮದುವೆ ಮನೆಯ ಪಂಕ್ತಿಯಲ್ಲಿ ದೊಡ್ಡಿಯವರು ಕೂತರೆ, ಒಲೆಯ ಹತ್ತಿರ ಕೂಡಬ್ಯಾಡ್ರಪ್ಪಾ, ಹೊತ್ತಿಗೊಂಡೀರಿ ಎಂದು ನಗುತ್ತಿದ್ದರು.

ದೂರು ಬರೆದವಳು ಬಂಡೆಮ್ಮನ ಸೊಸೆ ನೇತ್ರಾವತಿ. ಪಿಯುಸಿ ಓದಿದವಳು. ಆರು ತಿಂಗಳ ಬಸುರಿಯಾಗಿದ್ದಾಗ ತನ್ನ ಕೈಯಿಂದಲೇ ಎರಡು ಹಾಳೆ ಬರೆದು ದೇವದುರ್ಗದ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಬಂದಳು. ಎಲ್ಲಿಯೋ ಯಾರೋ ಅದನ್ನು ಓದಿದರು. ತನಿಖೆಯ ಆದೇಶವಾಯಿತು. ತನಿಖೆ ಮುಗಿಯುವತನಕ ಪಂಚಾಯಿತಿ ದಿನ ಬಿಟ್ಟು ದಿನ ದೊಡ್ಡಿಗೆ ಟ್ಯಾಂಕರ್ ನೀರು ಕೊಡಬೇಕೆಂದೂ ಆಯಿತು. ಮಣ್ಣು ಮತ್ತು ನೀರಿನ ಪರೀಕ್ಷೆ ರಾಯಚೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಬಂತು. ಅಲ್ಲಿ ಭೂವಿಜ್ಞಾನದ ಕೆಲಸ ನೋಡುವವಳು ದೇವಿಕಾ.

ದೇವಿಕಾಳಿಗೆ ಮೂವತ್ತನಾಲ್ಕು. ಬಾಯಿಂದ ಒಂದು ಮಾತು ಹೊರಡುವ ಮುಂಚೆ ಅದನ್ನು ಮೂರು ಸಲ ತಿರುವಿ ನೋಡುವ ಹೆಣ್ಣು. ‘ಇದೆ’ ಎನ್ನುವಲ್ಲಿ ‘ಇರುವಂತೆ ಕಾಣುತ್ತದೆ’ ಎನ್ನುತ್ತಾಳೆ. ಪ್ರಯೋಗಾಲಯದ ಮಾಲೀಕ ಪ್ರಭುರಾಜ ಬಂದವರೆದುರಿಗೆಲ್ಲ ಅದನ್ನೇ ಹೇಳಿ ನಗಿಸುತ್ತಿದ್ದ. “ನಮ್ಮ ದೇವಿಕಾ ಅವ್ರ ಮನಿಗಿ ಬೆಂಕಿ ಬಿದ್ರೂ ‘ಹೊಗೆ ಕಂಡುಬಂದಿದೆ’ ಅಂತ ಬರೀತಾರ್ರೀ.” ಅವಳೂ ನಗುತ್ತಿದ್ದಳು. ಆ ಗುಣಕ್ಕಾಗಿಯೇ ತನ್ನನ್ನು ಇಟ್ಟುಕೊಂಡಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ಎಂಟು ವರ್ಷದಲ್ಲಿ ಅವಳ ವರದಿಯ ಒಂದು ಸಾಲನ್ನೂ ಯಾರೂ ಸುಳ್ಳೆಂದು ತೋರಿಸಿರಲಿಲ್ಲ.

ಜನವರಿಯಲ್ಲಿ ಬಂಕಿನ ಜಾಗದಲ್ಲಿ ಮಣ್ಣು ತೆಗೆದರು. ನೆಲ ಕೊರೆಯುವ ಬೈರಿಗೆ ತಿರುವಿದವನು ಲಾಲ್ ಸಾಬ್, ಪ್ರಯೋಗಾಲಯದ ಹಳೆಯ ಕೈ. ಮೇಲಿನ ಗರಸು ಕೆಂಪಗಿತ್ತು. ಹನ್ನೊಂದು ಅಡಿಗೆ ಬಂದ ಮಣ್ಣು ಹೆಣದ ಉಗುರಿನ ಬಣ್ಣಕ್ಕೆ ತಿರುಗಿತ್ತು. ಆವಿ ಅಳೆಯುವ ಮೀಟರನ್ನು ಹತ್ತಿರ ಹಿಡಿದರೆ ಅದು ಕಿರಿಚಿಕೊಂಡಿತು. ಆದರೆ ಶರಣಯ್ಯನವರ ವಕೀಲರು ಅದಕ್ಕೆ ಹೆದರಲಿಲ್ಲ. ತಮ್ಮ ಜಾಗದ ಮಣ್ಣು ತಮ್ಮದು, ಬೇಕಾದರೆ ಅಗೆದು ಚೆಲ್ಲುತ್ತೇವೆ, ರಸ್ತೆಯಾಚೆಯ ಬಾವಿಗೆ ಹೋಗಿದೆ ಎಂದು ತೋರಿಸಿ ಎಂದು ಬರೆದುಕೊಟ್ಟರು.

ಹೀಗೆ ಎಲ್ಲವೂ ಬಾವಿಯ ಮೇಲೆ ನಿಂತಿತು. ನೀರಿನಲ್ಲಿ ಎಣ್ಣೆಯ ಅಂಶ ಸಿಕ್ಕರೆ ಶರಣಯ್ಯನವರು ಬಾವಿಯನ್ನು ಶುದ್ಧ ಮಾಡಿಸಬೇಕು, ಅಲ್ಲಿಯತನಕ ದೊಡ್ಡಿಗೆ ತಮ್ಮ ಖರ್ಚಿನಲ್ಲಿ ಪೈಪು ಎಳೆಸಿ ಕುಡಿಯುವ ನೀರು ಕೊಡಬೇಕು. ಸಿಗದಿದ್ದರೆ ಕಡತ ಮುಗಿಯಿತು, ಪಂಚಾಯಿತಿಯ ಟ್ಯಾಂಕರೂ ನಿಂತಿತು. ಮಾದರಿಯನ್ನು ಒಂದೇ ಸಲ, ಗೊತ್ತಾದ ತಾರೀಖಿಗೆ, ಎರಡೂ ಕಡೆಯವರ ಎದುರಿಗೆ ತೆಗೆಯತಕ್ಕದ್ದು ಎಂದು ಆದೇಶದಲ್ಲಿತ್ತು. ನೇತ್ರಾವತಿ ಚೊಚ್ಚಲ ಹೆರಿಗೆಗೆ ತವರಾದ ಮಲ್ಲಟಕ್ಕೆ ಹೋಗುವ ಮುಂಚೆ ಒಮ್ಮೆ ಫೋನ್ ಮಾಡಿ, ಐದನೇ ತಿಂಗಳಿಗೆ ಕೂಸು ಕರಕೊಂಡು ಬರ್ತೀನ್ರಿ, ಅಷ್ಟರಾಗ ನೀರಿನ ದಾರಿ ಆಗ್ತದಲ್ರೀ ಎಂದು ಕೇಳಿದ್ದಳು. ಆಗಬಹುದು ಎಂದು ದೇವಿಕಾ ಹೇಳಿದ್ದಳು.

ಅದೇ ಜನವರಿಯಲ್ಲಿ ದೇವಿಕಾ ಬಾವಿಗಿಳಿದು ಹಗ್ಗದ ತುದಿ ಮೂಸಿದ್ದಳು. ಮೂಗಿಗೆ ಬೇರೆ ಸಾಕ್ಷಿ ಬೇಡವಾಗಿತ್ತು. ಲಾಲ್ ಸಾಬ್ ಸೀಸೆ ತೆಗೆದು, ಇವತ್ತೇ ತುಂಬ್ಕೊಂಡು ಬಿಡೋಣ ಮೇಡಂ, ನಾಳಿದ್ದು ಯಾರ್ ಕಂಡಾರ ಎಂದ. ಎದುರು ಪಕ್ಷದವರಿಲ್ಲದೆ ತುಂಬಿದ ಸೀಸೆಗೆ ಬೆಲೆಯಿಲ್ಲ ಎಂದು ಅವಳು ಮುಚ್ಚಳ ಹಾಕಿಸಿದಳು. ಆದೇಶದ ಪ್ರಕಾರ ಅದು ಸರಿಯೇ ಆಗಿತ್ತು. ಮಾರ್ಚ್ ಮೊದಲ ವಾರ ಹೋಗಿ ಬಂಡೆಮ್ಮನ ಕೈಗೆ ನೋಟೀಸು ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು. ನೋಟೀಸಿನಲ್ಲಿ ‘ಬಾವಿಯ ನೀರಿನ ಗುಣಮಟ್ಟ ಪರೀಕ್ಷೆ’ ಎಂದಿತ್ತು. ಬಂಡೆಮ್ಮನಿಗೆ ಓದು ಬರುವುದಿಲ್ಲ ಎಂಬುದು ಹೆಬ್ಬೆಟ್ಟು ಒತ್ತಿಸಿಕೊಂಡವಳಿಗೆ ಗೊತ್ತಿರಲೇಬೇಕು. ಪರೀಕ್ಷೆ ಎಂದರೇನು ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಒಂದು ಕಡೆಯವರೊಂದಿಗೆ ಹೆಚ್ಚು ಮಾತಾಡಿದರೆ ನಾಳೆ ಯಾರಾದರೂ ಏನಾದರೂ ಅಂದಾರೆಂದು ಅವಳು ಜೀಪು ಹತ್ತಿದ್ದಳು.

ಮಾರ್ಚ್ ಕೊನೆಯ ಗುರುವಾರ ಮಾದರಿ ತೆಗೆಯುವ ದಿನ. ಶರಣಯ್ಯನವರು ಸ್ವತಃ ಬಂದಿದ್ದರು. ಬಿಳಿ ಅಂಗಿ, ಬಿಳಿ ಧೋತರ, ಹಣೆಯ ತುಂಬ ವಿಭೂತಿ. ವಕೀಲರು ಛತ್ರಿ ಹಿಡಿದು ಹಿಂದೆ ನಿಂತಿದ್ದರು. ದೇವಿಕಾ ಬಾವಿಯ ಕಡೆ ನಡೆದಳು. ಅರ್ಧ ದಾರಿಯಲ್ಲೇ ಅವಳ ಕಾಲು ನಿಧಾನವಾಯಿತು.

ಬಾವಿಯ ಕಟ್ಟೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಸುತ್ತ ಸಾರಿಸಿ ರಂಗೋಲಿ ಹಾಕಿದ್ದರು. ಕಟ್ಟೆಯ ಮೇಲೆ ಅರಿಷಿಣ, ಕುಂಕುಮ, ಒಡೆದ ಕಾಯಿ, ಊದಿನಕಡ್ಡಿ. ಬಂಡೆಮ್ಮ ಇಳಕಲ್ ಸೀರೆಯುಟ್ಟು, ಮದುಮಗಳ ತಾಯಿಯ ಹಾಗೆ ನಿಂತಿದ್ದಳು. ದೇವಿಕಾ ಬಗ್ಗಿ ನೋಡಿದಳು. ಆ ಹಂಗಾಮಿನಲ್ಲಿ ತಳದಲ್ಲಿ ಎರಡು ಮೊಳ ಇರಬೇಕಾದ ನೀರು ಮೇಲಿನಿಂದ ನಾಲ್ಕನೇ ಮೆಟ್ಟಿಲಿಗೆ ಬಂದಿತ್ತು. ಚೆಂಡು ಹೂ ತೇಲುತ್ತಿದ್ದವು. ಸುಣ್ಣದ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

“ಏನ್ ಮಾಡಿಸೀರಿ ಬಂಡೆಮ್ಮ?” ಎಂದಳು ದೇವಿಕಾ.

ಬಂಡೆಮ್ಮ ಸಂಭ್ರಮದಿಂದ ಹೇಳಿದಳು. ಎರಡು ದಿನದ ಹಿಂದೆ ನಾಲ್ಕಾಳು ಹಚ್ಚಿ, ಎರಡು ಪಂಪು ಇಟ್ಟು ಬಾವಿಯನ್ನು ಬರಿದು ಮಾಡಿಸಿದ್ದಳು. ತಳದ ರಾಡಿ ಎತ್ತಿಸಿ, ಗೋಡೆ ಉಜ್ಜಿಸಿ, ಎರಡು ಚೀಲ ಸುಣ್ಣ ಸುರಿಸಿದ್ದಳು. ಆಮೇಲೆ ಕಾಲುವೆಯಿಂದ ಎಂಟು ಟ್ಯಾಂಕರ್ ಸಿಹಿನೀರು. ಗಂಗವ್ವನ ಪೂಜೆಯೂ ಆಗಿತ್ತು.

“ಯಾಕ ಮಾಡಿಸಿದ್ರಿ?”

“ನೀವು ಬರ್ತೀರಂತ. ಹಿಂದಕ ಹಿಂಗ ಬಂದು ನಮ್ಮ ಬೋರಿನ ನೀರು ಒಯ್ದಿದ್ರು. ಮುಂದ ಒಂದು ತಿಂಗಳಿಗಿ ಬಂದು ನೀರು ನಪಾಸಂತ ಕೆಂಪು ಬಣ್ಣ ಬಳದ್ರು. ಆಮ್ಯಾಲ ಬಂದು ಹಿಡಿಕಿನೂ ಬಿಚ್ಚಿಗೊಂಡು ಹೋದ್ರು. ಬ್ಯಾರೆದು ಹಾಕ್ತೀವಂದವ್ರು ಈ ಕಡೆ ಹೊಳ್ಳಿ ನೋಡಲಿಲ್ಲ. ಕೆಂಪು ಹಚ್ಚಿದ್ರ ಮುಗೀತ್ರಿ ಯವ್ವಾ. ಇದು ನಮ್ಮ ಮಾವ ತೋಡಿಸಿದ ಬಾವಿ. ನಪಾಸಾಗಬಾರದು.”

ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ಮಲ್ಲಟದಲ್ಲಿ ನೇತ್ರಾವತಿಯ ತಾಯಿ ಫೋನನ್ನೇ ತೆಗೆದಿಟ್ಟಿದ್ದಳು. ಬಂಡೆಮ್ಮನ ಮಗ ಹನುಮೇಶ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದ. ದೊಡ್ಡಿಯಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ.

ದೇವಿಕಾ ಮೀಟರು ಇಳಿಬಿಟ್ಟು ನೋಡಿದಳು. ಸುಣ್ಣದಿಂದ ಕ್ಷಾರದ ಅಳತೆ ಹತ್ತನ್ನು ದಾಟಿತ್ತು. ಅಲ್ಲಿಯ ಎಲ್ಲ ಬಾವಿಗಳಲ್ಲಿರುವ ಉಪ್ಪು ಈ ನೀರಿನಲ್ಲಿ ಇರಲೇ ಇಲ್ಲ. ನೀರು ಖಾಲಿ ಮಾಡಿಸಿ, ತಳದ ಊಟೆಯಿಂದ ಬಾವಿಯ ಸ್ವಂತ ನೀರು ಬಂದು ತುಂಬುವತನಕ ಐದು ದಿನ ಕಾಯೋಣ ಎಂದು ವಕೀಲರಿಗೆ ಹೇಳಿದಳು. ಅವರು ಆದೇಶದ ಹಾಳೆ ತೆಗೆದು ತಾರೀಖಿನ ಮೇಲೆ ಬೆರಳಿಟ್ಟರು. ಪ್ರಭುರಾಜನಿಗೆ ಫೋನ್ ಮಾಡಿದಳು. ಹೇಳಿದ ದಿನ, ಇದ್ದ ನೀರು ತಗೊಂಡು ಬರ್ರಿ, ನಿಮಗೇನರ ಅನಿಸಿದ್ರ ಷರಾ ಬರೀರಿ, ಬರಿಯೋದರಾಗ ನಿಮ್ಮನ್ನ ಮೀರಿಸೋರು ಯಾರದಾರ ಎಂದು ಅವನು ಇಟ್ಟುಬಿಟ್ಟ.

ಲಾಲ್ ಸಾಬ್ ಸೀಸೆಗಳನ್ನು ಕಂಠಮಟ್ಟ ತುಂಬಿದ. ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಒಳಗೆ ಗಾಳಿಯ ಗುಳ್ಳೆ ಇಲ್ಲವೆಂದು ತೋರಿಸಿದ. ಗುಳ್ಳೆ ಇದ್ದರೆ ಎಣ್ಣೆಯ ಆವಿ ಅದರೊಳಗೆ ಹೋಗಿ ಲೆಕ್ಕ ತಪ್ಪುತ್ತದೆ. ಇಲ್ಲದ ಎಣ್ಣೆಗೆ ಇಷ್ಟು ಎಚ್ಚರಿಕೆ. ಅವನು ಯಾರ ಮುಖವನ್ನೂ ನೋಡದೆ ಸೀಸೆಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟ.

ಕಾಲುವೆ ನೀರು ಯಾರು ಕೊಟ್ಟರು ಎಂದು ದೇವಿಕಾ ಕೇಳಿದಳು. ಬಂಡೆಮ್ಮ ನಕ್ಕು, ಕೊಟ್ಟವ್ರ ಹೆಸರು ಹೇಳಬಾರದ್ರಿ ಎಂದಳು. ಶರಣಯ್ಯನವರು ಕಟ್ಟೆಗೆ ಕೈಮುಗಿದು, ಚೂರು ಕಾಯಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ದೇವಿಕಾ ಕಾಗದ ತೆಗೆದು ಬರೆದಳು: ‘ಬಾವಿಯ ಬಳಕೆದಾರರು ಮಾದರಿ ಸಂಗ್ರಹಣೆಗೆ ಎರಡು ದಿನ ಮುಂಚೆ ಬಾವಿಯನ್ನು ಖಾಲಿ ಮಾಡಿಸಿ, ಸುಣ್ಣ ಹಾಕಿಸಿ, ಹೊರಗಿನ ನೀರಿನಿಂದ ತುಂಬಿಸಿದ್ದಾರೆ.’ ಕಣ್ಣಾರೆ ಕಂಡದ್ದು, ಬಂಡೆಮ್ಮನ ಬಾಯಿಂದಲೇ ಕೇಳಿದ್ದು. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಾಲು ಓದಿದವರು ಮಾದರಿಯನ್ನು ಮತ್ತೊಮ್ಮೆ ತೆಗೆಸದೆ ಇರಲಾರರು ಎಂದು ಅವಳು ನಂಬಿದ್ದಳು. ವಕೀಲರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ತಕರಾರಿಲ್ಲದೆ ಸಹಿ ಮಾಡಿದರು. ಅಷ್ಟು ಸುಲಭವಾಗಿ ಸಹಿ ಬಿದ್ದದ್ದನ್ನು ಕಂಡು ದೇವಿಕಾ ತಾನು ಬರೆದದ್ದನ್ನು ಮತ್ತೊಮ್ಮೆ ಓದಿದಳು.

ವಿಚಾರಣೆ ನಡೆದದ್ದು ಮೇ ತಿಂಗಳಲ್ಲಿ, ರಾಯಚೂರಿನ ಒಂದು ಕಚೇರಿಯ ಉದ್ದನೆಯ ಕೋಣೆಯಲ್ಲಿ. ಕೂಲರು ಗರಗರ ತಿರುಗುತ್ತಿತ್ತು, ತಂಪು ಅಧಿಕಾರಿಯ ಮೇಜಿನವರೆಗೆ ಮಾತ್ರ ಬರುತ್ತಿತ್ತು. ಬೆಂಝೀನ್ ಪತ್ತೆಯಾಗಿಲ್ಲ, ಟಾಲ್ಯೂಯೀನ್ ಪತ್ತೆಯಾಗಿಲ್ಲ, ಡೀಸೆಲ್ ಅಂಶ ಪತ್ತೆಯಾಗಿಲ್ಲ ಎಂದು ಪ್ರಭುರಾಜ ವರದಿ ಓದಿದ. ಅವನು ಕೂತ ಮೇಲೆ ವಕೀಲರು ಎದ್ದು ದೇವಿಕಾಳ ಷರಾವನ್ನು ಓದಿದರು. ಎಷ್ಟು ಚೆನ್ನಾಗಿ ಓದಿದರೆಂದರೆ, ದೇವಿಕಾಳಿಗೆ ತಾನು ಬರೆದ ವಾಕ್ಯವೇ ಹೊಸದಾಗಿ ಕೇಳಿಸಿತು. ತನಿಖೆಯಲ್ಲಿರುವ ಬಾವಿಯನ್ನು ದೂರುದಾರರ ಮನೆಯವರೇ ಬರಿದು ಮಾಡಿಸಿ ಸುಣ್ಣ ಸುರಿದಿದ್ದಾರೆ, ಪ್ರಯೋಗಾಲಯದವರೇ ಇದಕ್ಕೆ ಸಾಕ್ಷಿ, ನೀರಿನಲ್ಲಿ ಎಣ್ಣೆ ಇದ್ದಿದ್ದರೆ ಅದನ್ನು ಅಳಿಸಿಹಾಕುವಷ್ಟು ಮೂರ್ಖರು ಯಾರಿದ್ದಾರೆ, ಇಲ್ಲದ್ದು ಬಯಲಾದೀತೆಂದೇ ಹೀಗೆ ಮಾಡಿದ್ದಾರೆ ಎಂದರು.

ಅಧಿಕಾರಿ ಬಂಡೆಮ್ಮನನ್ನು ಕೇಳಿದರು. ಬಾವಿ ಖಾಲಿ ಮಾಡಿಸಿದ್ದು ಹೌದೇ? ಹೌದೆಂದಳು. ಸುಣ್ಣ ಹಾಕಿಸಿದ್ದು? ಎರಡು ಚೀಲ ಎಂದಳು. ಚೀಲದ ಲೆಕ್ಕಕ್ಕೆ ಕೋಣೆಯಲ್ಲಿ ಸಣ್ಣ ನಗೆ ಎದ್ದಿತು. ತನ್ನ ಕೆಲಸ ಮೆಚ್ಚಿ ನಕ್ಕರೆಂದು ಅವಳೂ ನಕ್ಕಳು.

“ಎಂಟು ಟ್ಯಾಂಕರ್ ನೀರು ಎಲ್ಲಿಂದ ಬಂತಮ್ಮ?”

“ಪುಣ್ಯಾತ್ಮರು ಕೊಟ್ರಿ ಯಪ್ಪಾ.”

ಹೇಳುವಾಗ ಅವಳ ಕಣ್ಣು ತಾನಾಗಿಯೇ ಶರಣಯ್ಯನವರ ಕಡೆ ಹೋಯಿತು. ಕೃತಜ್ಞತೆಯಿಂದ, ಗುಟ್ಟು ಕಾಯುವ ಮಗುವಿನ ಹೆಮ್ಮೆಯಿಂದ. ಶರಣಯ್ಯನವರು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಜಪ ಎಣಿಸುತ್ತಿದ್ದರು. ಅಧಿಕಾರಿ ಕಾಗದ ನೋಡುತ್ತಿದ್ದರು. ಆ ನೋಟ ಹೋದ ದಾರಿಯನ್ನು ಕಂಡವಳು ದೇವಿಕಾ ಒಬ್ಬಳೇ. ಕಂಡ ಕೂಡಲೇ ಎಲ್ಲ ತಿಳಿಯಿತು.

ಅದೇ ಹೊತ್ತಿಗೆ ಅಧಿಕಾರಿ ತಲೆಯೆತ್ತಿದರು. “ಮೇಡಂ, ಷರಾ ಬರದವ್ರು ನೀವೇ ಅಲ್ಲ? ಈ ನೀರಿನ ವಿಷಯದಾಗ ನಿಮಗ ಇನ್ನೇನರ ಗೊತ್ತದ?”

ಗೊತ್ತಿತ್ತು. ಜನವರಿಯ ಹಗ್ಗದ ವಾಸನೆ ಗೊತ್ತಿತ್ತು. ಆದರೆ ಅದಕ್ಕೆ ಸೀಸೆ ಇಲ್ಲ. ಈಗ ಕಂಡ ನೋಟ ಗೊತ್ತಿತ್ತು. ಆದರೆ ನೋಟಕ್ಕೆ ಸಹಿ ಇಲ್ಲ. ಪಕ್ಕದಲ್ಲಿ ಪ್ರಭುರಾಜನ ಚಪ್ಪಲಿ ಒಮ್ಮೆ ನೆಲಕ್ಕೆ ಉಜ್ಜಿತು. ಮಾತನ್ನು ಒಂದು ಸಲ ತಿರುವಿದಳು, ಎರಡು ಸಲ ತಿರುವಿದಳು.

“ನಾನು ಬರೆದಿರುವುದಷ್ಟೇ ಸರ್,” ಎಂದಳು.

ಕಡತ ಮುಗಿಯಿತೆಂದು ಅಧಿಕಾರಿ ಬರೆಸಿದ ಮೇಲೆ, ಹೊರಗೆ ಬೇವಿನ ಮರದಡಿ ಬಂಡೆಮ್ಮ ಅವಳನ್ನು ಹುಡುಕಿಕೊಂಡು ಬಂದಳು. ಬಂದವಳೇ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕೆಂಪು ಹಚ್ಚೋದಿಲ್ಲಂತಲ್ರೀ, ಬಾವಿ ಪಾಸಾತಲ್ರೀ ಎಂದು ಎರಡೆರಡು ಸಲ ಕೇಳಿದಳು. ಇನ್ನು ಹೇಳಿದರೆ ಅಡ್ಡಿಯಿಲ್ಲವೆಂದು ದನಿ ತಗ್ಗಿಸಿ ಗುಟ್ಟು ಬಿಚ್ಚಿದಳು. ಕುರಿಗಳಿಗೆ ತೌಡು ತರಲು ಮಾನ್ವಿಗೆ, ಶರಣಯ್ಯನವರ ಗಿರಣಿಗೆ ಹೋದಾಗ ನೋಟೀಸನ್ನು ಅವರ ಕೈಯಲ್ಲೇ ಓದಿಸಿದ್ದಳಂತೆ. ಪರೀಕ್ಷೆ ಅದ ಬಂಡೆಮ್ಮ, ಬಾವಿ ತೊಳಿಸು, ನೀರು ನಾ ಕಳಿಸ್ತೀನಿ, ಆದರ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದಿದ್ದರಂತೆ. ಹೂವು ಕಾಯಿ ಕೂಡ ಅವರದೇ.

“ನೇತ್ರಾವತಿ ಸುಮ್ಮನ ಅವ್ರ ಮ್ಯಾಲ ಬರದಾಳ ನೋಡ್ರಿ. ದೇವರಂಥ ಮನಶ್ಯಾ.”

ದೇವಿಕಾ ಹೇಳಬೇಕೆಂದುಕೊಂಡಳು. ಬಾಯಿ ತೆರೆದಳು ಸಹ. “ಬಂಡೆಮ್ಮ, ಆ ನೀರು ಕುಡೀಬ್ಯಾಡ್ರಿ. ಕಾಲುವಿ ನೀರು ಇಂಗಿದ ಮ್ಯಾಲ ಹಳೇ ನೀರೇ ಬರ್ತದ.”

ಬಂಡೆಮ್ಮ ಹಿಡಿದ ಕೈ ಬಿಟ್ಟಳು. “ಒಳಗ ಸಾಹೇಬರ ಮುಂದ ಏನೂ ಇಲ್ಲಂತ ಓದಿದ್ರಿ. ಹೊರಗ ಬಂದು ಹಿಂಗ ಅಂತೀರಿ. ಯಾವದು ಖರೇ ಹಿಡೀಲಿ?”

ದೇವಿಕಾ ರಸ್ತೆಯ ಕಡೆ ತಿರುಗಿದಳು. ಲಾಲ್ ಸಾಬ್ ಜೀಪಿನ ಬಾಗಿಲು ತೆರೆದು ನಿಂತಿದ್ದ.

ಮರುವಾರವೇ ಪಂಚಾಯಿತಿಯ ಟ್ಯಾಂಕರ್ ನಿಂತಿತು.

ಜುಲೈ ತಿಂಗಳ ಒಂದು ಸೋಮವಾರ ನೇತ್ರಾವತಿ ರಾಯಚೂರಿಗೆ ಬಂದಳು. ಹೆಗಲಿಗೆ ಕೂಸು, ಕೈಯಲ್ಲಿ ತಂಪು ಪಾನೀಯದ ಹಳೆಯ ಬಾಟಲಿ. ದೇವಿಕಾ ಅವಳನ್ನು ನೋಡಿದ್ದು ಅದೇ ಮೊದಲು. ಫೋನಿನ ದನಿಗಿಂತ ಚಿಕ್ಕ ಹುಡುಗಿ. ಬಾಟಲಿಯ ಬಿರಡೆ ತಿರುವಿದ್ದೇ ತಡ, ಕೋಣೆಯೆಲ್ಲ ಬಂಕಿನ ವಾಸನೆ ಹಬ್ಬಿತು. ಒಳಗೆ ಗಾಜು ತೊಳೆಯುತ್ತಿದ್ದ ಲಾಲ್ ಸಾಬ್ ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದ.

ಪ್ರಭುರಾಜ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಒರಟಾಗಿ ಮಾತಾಡಲಿಲ್ಲ. ಪ್ಲಾಸ್ಟಿಕ್ ಬಾಟಲಿ, ಅರ್ಧ ತುಂಬಿದ್ದು, ಐಸಿಲ್ಲ, ಮುದ್ರೆಯಿಲ್ಲ, ಎದುರು ಪಕ್ಷದವರಿಲ್ಲ, ಇದನ್ನು ತಗೊಳ್ಳಾಕ ಬರಂಗಿಲ್ಲ ತಂಗಿ ಎಂದ. ನಿಯಮದ ಪ್ರಕಾರ ಪ್ರತಿಯೊಂದೂ ನಿಜವಾಗಿತ್ತು. ಕಡತ ಮುಗಿದ ಬಾವಿ ಎಂದೂ ಸೇರಿಸಿದ.

ನೇತ್ರಾವತಿ ವಾದ ಮಾಡಲಿಲ್ಲ. ಕೂಸಿನ ಅಂಗಿ ಎತ್ತಿ ಬೆನ್ನು ತೋರಿಸಿದಳು. ಕುತ್ತಿಗೆಯಿಂದ ಸೊಂಟದವರೆಗೆ ಕೆಂಪು ದದ್ದು. ದೊಡ್ಡಿಗೆ ಬಂದ ದಿನವೇ ಅತ್ತೆ ಕೂಸಿಗೆ ಬಾವಿಯ ನೀರು ಕಾಸಿ ಎರೆದಿದ್ದಳು. ಬೇಡವೆಂದರೂ ಮರುದಿನ ಮತ್ತೆ ಎರೆದಿದ್ದಳು. ದದ್ದು ಎದ್ದಾಗ ದೃಷ್ಟಿಯೆಂದು ಉಪ್ಪು ನಿವಾಳಿಸಿದಳು. ಆ ರಾತ್ರಿಯೇ ನೇತ್ರಾವತಿ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು: ಬಾವಿ ತೊಳೆಸಿದ್ದರಿಂದ ಏನಾಯಿತು, ನೀರು ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು. ಸಿಟ್ಟಿನಲ್ಲಿ ಹೇಳಬಾರದ ಮಾತೂ ಒಂದೆರಡು ಬಂದವು.

“ಅವತ್ತಿನಿಂದ ನಮ್ಮತ್ತಿ ಬ್ಯಾರೆ ನೀರು ಮುಟ್ಟವಲ್ಲಳ್ರೀ. ಆದೇಶದ ಕಾಗದ ದೇವರ ಜಗಲಿ ಮ್ಯಾಲ ಇಟ್ಟಾಳ. ಸರ್ಕಾರ ಚಲೋ ಅಂದದ, ಚಲೋ ಅಂತಾಳ. ನಮ್ಮ ಎದುರಿಗೇ ತಂಬಿಗಿ ತಂಬಿಗಿ ಕುಡೀತಾಳ. ಕುಡದು ವಾಂತಿ ಮಾಡ್ಕೊಂತಾಳ. ಮತ್ತ ಕುಡೀತಾಳ.”

ಪ್ರಭುರಾಜ ಕನ್ನಡಕ ತೆಗೆದು ಒರೆಸತೊಡಗಿದ.

“ಪರೀಕ್ಷೆ ಬ್ಯಾಡ್ರಿ,” ಎಂದಳು ನೇತ್ರಾವತಿ ದೇವಿಕಾಳ ಕಡೆ ತಿರುಗಿ. “ಒಂದು ಚೀಟಿ ಕೊಡ್ರಿ. ಈ ನೀರು ಕುಡಿಯಾಕ ಚಲೋ ಇಲ್ಲಂತ. ಕೆಳಗ ನಿಮ್ಮ ಸಹಿ, ಒಂದು ಶಿಕ್ಕಾ. ನನ್ನ ಮಾತು ಕೇಳಂಗಿಲ್ಲ, ಕಾಗದದ ಮಾತು ಕೇಳ್ತಾಳ.”

ದೇವಿಕಾ ಪ್ರಭುರಾಜನನ್ನು ನೋಡಿದಳು. ನಮ್ಮ ವರದಿ ಒಂದು ಹೇಳ್ತದ, ಚೀಟಿ ಒಂದು ಹೇಳಿದ್ರ ನಾಳೆ ಇಬ್ರೂ ಮನ್ಯಾಗ ಕೂಡಬೇಕಾಗ್ತದ, ನಿಮ್ಮಿಷ್ಟ ಎಂದು ಅವನು ಒಳಗೆ ಹೋದ. ನಿಮ್ಮಿಷ್ಟ ಎಂಬುದನ್ನು ಮೃದುವಾಗಿಯೇ ಹೇಳಿದ.

ಅವಳು ಪ್ರಯೋಗಾಲಯದ ಹೆಸರಿಲ್ಲದ ಬಿಳಿ ಹಾಳೆ ಎಳೆದುಕೊಂಡಳು. ‘ಸದರಿ ಬಾವಿಯ ನೀರನ್ನು ಕುಡಿಯದಿರುವುದು ಸೂಕ್ತವೆಂದು ಕಾಣುತ್ತದೆ’ ಎಂದು ದುಂಡಗೆ ಬರೆದಳು. ಪೆನ್ನು ಹಾಳೆಯ ಕೆಳತುದಿಗೆ ಬಂದು ನಿಂತಿತು. ಕೂಸು ಬೆನ್ನು ತುರಿಸಲಾರದೆ ತಾಯಿಯ ಹೆಗಲಿಗೆ ಮೈ ಉಜ್ಜುತ್ತಿತ್ತು. ಪೆನ್ನು ಅಲ್ಲೇ ಇತ್ತು. ಆಮೇಲೆ ಅವಳು ಅದಕ್ಕೆ ಟೊಪ್ಪಿಗೆ ಹಾಕಿ, ಹಾಳೆಯನ್ನು ಮುಂದಕ್ಕೆ ಸರಿಸಿದಳು.

ನೇತ್ರಾವತಿ ಓದಿದಳು. ಹಿಂದೆ ತಿರುವಿ ನೋಡಿದಳು, ಅಲ್ಲೂ ಏನಿರಲಿಲ್ಲ.

“ಕಾಣುತ್ತದೆ,” ಎಂದಳು. “ಸಹಿ ಇಲ್ಲದ ಕಾಗದಕ್ಕ ನಮ್ಮತ್ತಿ ಅಂಜಂಗಿಲ್ರಿ ಅಕ್ಕಾರ. ನಿಮ್ಮಂಗ ಆಕಿನೂ ಹುಷಾರದಾಳ.”

ಹಾಳೆಯನ್ನು ಮೇಜಿನ ಮೇಲೆ ಬಿಟ್ಟಳು. ಬಾಟಲಿಯನ್ನು ಮಾತ್ರ ಬಿರಡೆ ಬಿಗಿದು ತೆಗೆದುಕೊಂಡಳು. ದೇವದುರ್ಗದ ಬಸ್ಸು ಹನ್ನೆರಡಕ್ಕೆ. ಲಾಲ್ ಸಾಬ್ ಛತ್ರಿ ಹಿಡಿದು ನಿಲ್ದಾಣದವರೆಗೆ ಬಿಟ್ಟು ಬರುತ್ತೇನೆಂದು ಅವಳ ಹಿಂದೆ ಹೋದ. ಹೋಗುವಾಗ ಮೇಡಂ ಅನ್ನಲಿಲ್ಲ.

ಬಂದ ಪ್ರತಿ ಮಾದರಿಗೂ ದಾಖಲೆಯಲ್ಲಿ ಒಂದು ಸಾಲು ಇರಲೇಬೇಕು. ದೇವಿಕಾ ಪುಸ್ತಕ ತೆರೆದು ಬರೆದಳು: ‘ಅನಧಿಕೃತವಾಗಿ ಸಂಗ್ರಹಿಸಿದ ನೀರು. ಸ್ವೀಕರಿಸಿಲ್ಲ.’ ಒಂದು ಕ್ಷಣ ನೋಡಿದಳು. ಸಂಗ್ರಹಿಸಿದ್ದನ್ನು ತಾನು ಕಂಡಿರಲಿಲ್ಲ. ‘ಸಂಗ್ರಹಿಸಿದ’ ಎಂಬುದರ ಮೇಲೆ ನೇರವಾದ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಸಂಗ್ರಹಿಸಿದಂತೆ ಕಾಣುವ’ ಎಂದು ತಿದ್ದಿ, ತಿದ್ದಿದ್ದಕ್ಕೆ ಸಹಿ ಹಾಕಿದಳು.